ಕೆಳಗಿನ ಸಾಲು ಖಾಲಿ

"ಅಕ್ಕಾರ, ಅಂವ ಗೇಟಿಗೆ ಬಂದ್ನ್ರಿ."

ಹನುಮವ್ವ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಹೇಳಿದಳು. ಯಮುನಾ ತಲೆ ಎತ್ತಲಿಲ್ಲ. ಪ್ರೆಸ್ ಯಂತ್ರದ ಬುಡದಲ್ಲಿ ಮಂಡಿಯೂರಿ, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನು ಗೀಚಿ, ಅವುಗಳೊಳಗೆ ತಗಡಿನ ಬಿಲ್ಲೆಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಅಡ್ಡಕ್ಕೆ ಐದು ಚೌಕ, ಉದ್ದಕ್ಕೆ ಎಂಟು. ಬಿಲ್ಲೆಗಳು ಇದೇ ಯಂತ್ರ ತಗಡು ಕತ್ತರಿಸುವಾಗ ಉದುರಿಸಿದವು. ಗುಂಡಗೆ, ಹೊಳೆಯುತ್ತ, ಮೂಲೆಯ ಡಬ್ಬದ ತುಂಬ ಬಿದ್ದಿದ್ದವು.

"ಒಳಗೆ ಬರ್ತಿದಾನಾ?"

"ಇಲ್ರಿ. ವಾಚ್‌ಮನ್ ಕೂಡ ಮಾತಾಡಾಕತ್ತಾನ. ಬೀಡಿ ಹಚ್ಯಾನ."

"ಹಾಗಾದ್ರೆ ಇದನ್ನ ಮುಗಿಸ್ತೀನಿ."

ಭಾನುವಾರದ ಮಧ್ಯಾಹ್ನ. ಪೀಣ್ಯದ ಶೆಡ್ಡುಗಳೆಲ್ಲ ಉಸಿರು ಬಿಗಿಹಿಡಿದಂತೆ ಸುಮ್ಮನಿದ್ದವು. ಪಕ್ಕದ ಪ್ಲೇಟಿಂಗ್ ಘಟಕದ ಆಸಿಡ್ ವಾಸನೆಗೆ ಮಾತ್ರ ರಜೆ ಇರಲಿಲ್ಲ.

ಈ ಪ್ರೆಸ್ಸಿಗೆ ಸಿಕ್ಕಿ ಹನುಮವ್ವನ ಮಗಳು ಭಾಗ್ಯಶ್ರೀ ಸತ್ತಿದ್ದಳು. ಯಂತ್ರ ಎಚ್ಚರಿಸಿತ್ತು, ಹುಡುಗಿಯೇ ಲೆಕ್ಕಿಸಲಿಲ್ಲ ಎಂದು ವರದಿ ಬರೆದು ಕೇಸು ಮುಚ್ಚಿದ್ದರು. ಮುಚ್ಚಿದ್ದನ್ನು ತೆರೆಯಲು ಹನುಮವ್ವ ಲಗ್ಗೆರೆಯಿಂದ ನಡೆದುಕೊಂಡು ಬಂದು ಪತ್ತೇದಾರಿಣಿ ಯಮುನಾಳ ಬಾಗಿಲು ತಟ್ಟಿದ್ದಳು.

ಅಂದು ಅವಳು ಅಳಲಿಲ್ಲ. ಕೇಳಿದ್ದು ಒಂದೇ.

"ಹೆಸ್ರು ಹೇಳ್ರಿ ಅಕ್ಕಾರ. ಉಳಿದಿದ್ದು ನಂದು."

ಆಮೇಲೆ ಮಗಳು ಸತ್ತ ಶೆಡ್ಡಿನಲ್ಲೇ ಕಸ ಗುಡಿಸುವ ಕೆಲಸ ಕೇಳಿ ಪಡೆದಳು. ಮಾಲೀಕ ವೆಂಕಟೇಶಪ್ಪನವರಿಗೆ ಇಲ್ಲವೆನ್ನುವ ಧೈರ್ಯ ಬರಲಿಲ್ಲ. ನಿಂತುಹೋದ ಈ ಪ್ರೆಸ್ಸನ್ನು ಅವಳು ದಿನವೂ ಒರೆಸುತ್ತಾಳೆ. ಕಾಲಲ್ಲಿ ತುಳಿಯುವ ಪೆಡಲಿಗೆ ಎಣ್ಣೆ ಬಿಡುತ್ತಾಳೆ.

"ಯಾಕೆ ಎಣ್ಣೆ? ಇದು ಓಡ್ತಾ ಇಲ್ವಲ್ಲ," ಎಂದು ಯಮುನಾ ಒಮ್ಮೆ ಕೇಳಿದ್ದಳು.

"ಅಂವ ಸಿಕ್ಕ ಹೊತ್ತಿಗೆ ಅಂಟ್ಕೋಬಾರದು ನೋಡ್ರಿ," ಎಂದಿದ್ದಳು ಹನುಮವ್ವ, ಮಗುವಿನ ತಲೆಗೆ ಎಣ್ಣೆ ಹಚ್ಚುವಷ್ಟು ನಿಧಾನವಾಗಿ ಪೆಡಲನ್ನು ಉಜ್ಜುತ್ತ.

ಯಮುನಾ ಕೊನೆಯ ಬಿಲ್ಲೆ ಇಟ್ಟಳು. ನೆಲದ ಮೇಲೆ ಒಂದು ಅಕ್ಷರ ಮೂಡಿತ್ತು: ಕಿ. ಅದರ ಕೆಳಗಿನ ಸಾಲು ಪೂರ್ತಿ ಖಾಲಿ. ನೆಲ ಬಿಟ್ಟು ಒಂದು ಚುಕ್ಕಿ ಮೇಲೆ ತೇಲುತ್ತಿರುವಂತಿತ್ತು.

ಇಡೀ ಪ್ರಕರಣ ಆ ಖಾಲಿ ಸಾಲಿನಲ್ಲಿ ಕೂತಿತ್ತು.

ಯಂತ್ರದ ಎದೆಯ ಮೇಲೆ ಅಂಗೈ ಅಗಲದ ಹಸಿರು ಪರದೆಯೊಂದಿದೆ. ಲಿಫ್ಟಿನಲ್ಲಿ, ತೂಕದ ಯಂತ್ರದಲ್ಲಿ ಕಾಣುವಂಥದ್ದೇ. ಅದಕ್ಕೆ ಇಂಗ್ಲಿಷ್ ಹುಟ್ಟಿನಿಂದಲೇ ಬರುತ್ತದೆ. ಕನ್ನಡವನ್ನು ಮಾತ್ರ ನಾವು ಚುಕ್ಕಿ ಇಟ್ಟು ಕಲಿಸಬೇಕು. ಹಾಗೆ ಕಲಿಸಿದ ಅಕ್ಷರಗಳು ವಾಸಿಸಲು ಪರದೆಯ ಚಿಪ್ಪಿನೊಳಗೆ ಇರುವುದು ಎಂಟೇ ಮನೆ. ಒಂಬತ್ತನೆಯ ಅಕ್ಷರಕ್ಕೆ ಜಾಗವಿಲ್ಲ.

ಇದನ್ನು ಯಮುನಾಳಿಗೆ ವಿವರಿಸಿದವಳು ಮಂಜುಶ್ರೀ. ಈ ಪರದೆಯನ್ನೂ ಅದನ್ನು ಓಡಿಸುವ ಬೋರ್ಡನ್ನೂ ತಯಾರಿಸಿದ ಮಾರತ್ತಹಳ್ಳಿಯ ಕಂಪನಿಯ ಎಂಜಿನಿಯರ್. ಒಳ್ಳೆಯ ಹೆಂಗಸು. ಭಾಗ್ಯಶ್ರೀ ಸತ್ತ ಮೇಲೆ ವಾರವಾರವೂ ಹನುಮವ್ವನಿಗೆ ಊಟ ಕಟ್ಟಿಕೊಂಡು ಬರುತ್ತಿದ್ದವಳು.

"'ಕೈ'ಗೆ ಎರಡು ಮನೆ ಬೇಕು," ಎಂದಿದ್ದಳು ಮಂಜುಶ್ರೀ. "'ಬೇಡ'ಕ್ಕೆ ಮೂರು. 'ಹಾಕಿ'ಗೆ ಮೂರು. ಎಂಟೂ ಭರ್ತಿ. ಅಚ್ಚು ಬಡಿಯೋದು ಗಾಳಿ ಒತ್ತಡದಿಂದ. ಪ್ರೆಸ್ಸಲ್ಲಿ ಗಾಳಿ ತುಂಬಿದ್ರೆ 'ಕೈ ಬೇಡ' ಅಂತ ಬರುತ್ತೆ. ಗಾಳಿ ಇಳಿದ್ರೆ 'ಕೈ ಹಾಕಿ'."

"ಯಂತ್ರಕ್ಕೆ ಅದನ್ನ ಓದೋಕೆ ಬರುತ್ತಾ?"

"ಅಯ್ಯೋ ಇಲ್ಲ ಕಣೇ. ಅದು ಮನೆ ನಂಬರ್ ಕೂಗುತ್ತೆ ಅಷ್ಟೆ. ಒಳಗೆ ಯಾರು ವಾಸ ಇದಾರೆ ಅಂತ ಅದಕ್ಕೇನು ಗೊತ್ತು?"

ಆ ಮಾತು ಯಮುನಾಳ ನಿದ್ದೆ ಕೆಡಿಸಿತ್ತು. ಯಂತ್ರದ ನೆನಪಿನಲ್ಲಿ ಸಾಕ್ಷಿ ಸ್ಪಷ್ಟವಾಗಿತ್ತು: ಅಪಘಾತದ ಕ್ಷಣದಲ್ಲಿ ಅದು 'ಬೇಡ'ದ ಮೂರು ಮನೆಗಳನ್ನೇ ಕೂಗಿತ್ತು. ಅಧಿಕಾರಿಗಳು ನಂಬಿದ್ದು ಅದನ್ನೇ. ಆದರೆ ಆ ಬೆಳಿಗ್ಗೆ ಯಾರೋ ಆ ಮನೆಗಳ ಬಾಡಿಗೆದಾರರನ್ನು ಬದಲಾಯಿಸಿದ್ದರೆ? ಕೂಗಿದ್ದು 'ಬೇಡ'ವನ್ನು, ಹೊರಗೆ ಬಂದು ನಿಂತದ್ದು 'ಹಾಕಿ'.

ಇನ್ನೊಂದು ಸಂಗತಿ. ಆ ಎಂಟು ಮನೆಗಳಿಗೆ ನೆನಪಿಲ್ಲ. ಕರೆಂಟು ಹೋದರೆ ಎಲ್ಲ ಖಾಲಿ. ಮತ್ತೆ ಬಂದಾಗ ಮೂಲ ಅಕ್ಷರಗಳು ಬಂದು ತಮ್ಮ ತಮ್ಮ ಮನೆ ಸೇರಿಕೊಳ್ಳುತ್ತವೆ. ಅಪಘಾತವಾದ ಕೂಡಲೇ ಮೇನ್ ಸ್ವಿಚ್ ಇಳಿಸಿದ್ದರು. ಪೊಲೀಸರು ಬಂದು ಹಾಕಿದಾಗ ಪರದೆ ಸತ್ಯವನ್ನೇ ಹೇಳಿತು. ಕೊಲೆಯ ಆಯುಧ ತನ್ನಷ್ಟಕ್ಕೆ ಕರಗಿಹೋಗಿತ್ತು.

ಉಳಿದದ್ದು ಒಂದು ಸೆಲ್ಫಿ. ಸಾಯುವ ದಿನ ಬೆಳಿಗ್ಗೆ ಭಾಗ್ಯಶ್ರೀ ಹೊಸ ಕಿವಿಯೋಲೆ ಹಾಕಿಕೊಂಡು ಅವ್ವನಿಗೆ ಕಳಿಸಿದ್ದು. ಬೆನ್ನ ಹಿಂದೆ ಪ್ರೆಸ್. ಸೆಲ್ಫಿಯಾದ್ದರಿಂದ ಪರದೆಯ ಅಕ್ಷರ ತಿರುಗುಮುರುಗಾಗಿತ್ತು, ಯಾರೂ ಓದುವ ಗೋಜಿಗೆ ಹೋಗಿರಲಿಲ್ಲ. ಯಮುನಾ ಫೋನನ್ನು ಮನೆಯ ಕನ್ನಡಿಯ ಮುಂದೆ ಹಿಡಿದಳು. 'ಕೈ ಹಾಕಿ.' ಪಕ್ಕದಲ್ಲಿದ್ದ ಗಾಳಿಯ ಮೀಟರಿನ ಮುಳ್ಳು ಕೆಂಪಿನಲ್ಲಿತ್ತು, ಗಾಳಿ ಭರ್ತಿ.

ಫೋಟೋ ದೊಡ್ಡದು ಮಾಡಿ ಮಂಜುಶ್ರೀಗೆ ತೋರಿಸಿದಾಗ ಅವಳು ಚುಕ್ಕಿಗಳ ಮೇಲೆ ಬೆರಳಾಡಿಸಿದಳು.

"ಇದು ನನ್ನ ಅಕ್ಷರ ಅಲ್ಲ," ಎಂದಳು. "ಕೆಳಗಿನ ಸಾಲು ನೋಡು, ಖಾಲಿ. ಕರ್ಸರ್ ಗೆರೆ ಮಿನುಗೋಕೆ ಅಂತ ಆ ಸಾಲು ಬಿಡೋ ಅಭ್ಯಾಸ ಕೆಲವರಿಗಿದೆ. ನಾನು ಬಿಡಲ್ಲ. ಕನ್ನಡಕ್ಕೆ ಎಂಟೂ ಸಾಲು ಬೇಕು ಕಣೇ, ಇಲ್ದಿದ್ರೆ ಅಕ್ಷರ ಉಸಿರುಗಟ್ಟುತ್ತೆ. ಬೋರ್ಡಿಗೆ ಕೇಬಲ್ ಹಾಕಿ ಅಕ್ಷರ ಬದಲಿಸೋ ಅಧಿಕಾರ ಅಲ್ಲಿ ಯಾರಿಗಿದೆ, ವಿಚಾರಿಸು."

ಅಧಿಕಾರ ಇದ್ದದ್ದು ಒಬ್ಬನಿಗೆ. ಮೆಂಟೆನೆನ್ಸ್ ನೋಡಿಕೊಳ್ಳುವ ಸಂಗಮೇಶ್. ಭಾಗ್ಯಶ್ರೀಯನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ.

ಸೆಲ್ಫಿಯ ಜೊತೆ ಹುಡುಗಿಯ ದನಿಯೂ ಬಂದಿತ್ತು. "ಅವ್ವಾ, ಸೋಮಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರಂತ. ಬೋರ್ಡಿಂದು ಎಲ್ಲಾ ಹೇಳಾಕಿ ನಾ." ಶೆಡ್ಡಿನಲ್ಲಿ ಬೋರ್ಡ್ ಎಂದರೆ ಗೋಡೆಯ ಮೇಲಿನ ವಿದ್ಯುತ್ ಪ್ಯಾನೆಲ್. ಕೆಲಸ ಬೇಗ ಸಾಗಲಿ ಎಂದು ಕೈ ಒಳಗಿದ್ದರೆ ಪ್ರೆಸ್ಸನ್ನು ತಡೆಯುವ ಸುರಕ್ಷತಾ ಸೆನ್ಸರಿನ ವೈರನ್ನು ಸಂಗಮೇಶ್ ಅಲ್ಲೇ ಕಿತ್ತಿಟ್ಟಿದ್ದ.

ಎಲ್ಲ ಅವನ ಕಡೆಗೇ ಬೆರಳು ಮಾಡುತ್ತಿತ್ತು. ಆದರೆ ಹನುಮವ್ವನ ಕೈಗೆ ಒಂದು ಹೆಸರು ಕೊಡುವುದೆಂದರೆ ಕತ್ತಿ ಕೊಟ್ಟಂತೆ. ತಪ್ಪು ಹೆಸರು ಕೊಟ್ಟರೆ ಆ ರಕ್ತ ಯಮುನಾಳ ಕೈಗೂ ಅಂಟುತ್ತದೆ.

ಶಟರಿನ ಚಿಕ್ಕ ಬಾಗಿಲು ಕಿರುಗುಟ್ಟಿತು.

"ಏನ್ ಮೇಡಂ, ಸಂಡೇನೂ ಬಿಡಲ್ವಾ? ರಂಗೋಲಿ ಬೇರೆ ಹಾಕ್ತಿದೀರ!"

"ಚುಕ್ಕಿ ಇಟ್ಟಿದೀನಿ," ಎಂದಳು ಯಮುನಾ ಮೇಲೇಳುತ್ತ. "ಎಳೆ ಎಳೆಯೋರು ಬರ್ಲಿ ಅಂತ ಕಾಯ್ತಿದ್ದೆ."

ಸಂಗಮೇಶ್ ನಕ್ಕ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಹನುಮವ್ವನತ್ತ ತಿರುಗಿದಾಗ ಅವನ ಮಾತು ಊರಿನದಾಯಿತು. "ಯಕ್ಕಾ, ಉಂಡೇನು?"

"ಇಲ್ಲ ತಮ್ಮಾ. ಹಸಿವಿಲ್ಲ."

"ಕೇಸ್ ಮುಗೀತಲ್ಲ ಮೇಡಂ. ಮತ್ತೇನು?"

"ನನಗೊಂದು ವಿಡಿಯೋ ಬೇಕಿತ್ತು ಸಂಗಮೇಶ್. ಅಚ್ಚಿನ ಬಾಯಲ್ಲಿ ಒಂದು ತಗಡಿನ ತುಂಡು ಸಿಕ್ಕೊಂಡಿದೆ. ಅದನ್ನ ತೆಗೆದುಕೊಡಿ ಸ್ವಲ್ಪ. ನಂಗೆ ಭಯ."

"ಅಷ್ಟೇನಾ?"

ಅವನು ಎರಡು ಹೆಜ್ಜೆ ಇಟ್ಟ. ಹಸಿರು ಪರದೆ ಹೇಳುತ್ತಿತ್ತು: ಕೈ ಹಾಕಿ.

ಅವನ ಕೈ ಮುಂದೆ ಹೋಯಿತು, ನಿಂತಿತು. ಅವನು ಗಾಳಿಯ ಮೀಟರಿಗಾಗಿ ಹುಡುಕಿದ. ಅದನ್ನು ತನಿಖೆಯವರು ಬಿಚ್ಚಿಕೊಂಡು ಹೋಗಿದ್ದರು. ಆ ಜಾಗದಲ್ಲಿ ಒಂದು ತೂತು ಮಾತ್ರ ಇತ್ತು.

"'ಹಾಕಿ' ಅಂತಾನೇ ಇದೆಯಲ್ಲ," ಎಂದಳು ಯಮುನಾ.

"ಹೂಂ, ಇದೆ." ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಒಂದ್ನಿಮಿಷ ಮೇಡಂ."

ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ ಇಳಿಸಿದ. ಪರದೆ ಸತ್ತಿತು. ಮತ್ತೆ ಏರಿಸಿದ. ಪರದೆ ಬೆಳಗಿತು. ಹನುಮವ್ವನ ತುಟಿ ಏನನ್ನೋ ಪಿಸುಗುಟ್ಟಿತು. ಯಮುನಾ ಪರದೆ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಸಂಗಮೇಶನ ಕಣ್ಣನ್ನು. ಆ ಕಣ್ಣು ಪರದೆಗೆ ಅಂಟಿಕೊಂಡಿತ್ತು.

ಕೈ ಹಾಕಿ.

ಅವನು ಉಸಿರು ಬಿಟ್ಟ. ಕೈ ಒಳಗೆ ಹಾಕಿ ತುಂಡನ್ನು ಎಳೆದು ತೆಗೆದ. "ಹಿಡೀರಿ. ಆಯ್ತಾ ವಿಡಿಯೋ?"

"ಮೇನ್ ಯಾಕೆ ಆಫ್ ಮಾಡಿದ್ರಿ?"

"ಸೇಫ್ಟಿ ಮೇಡಂ. ರೂಲ್ ಅದು."

"ಮೇನ್ ಆಫ್ ಮಾಡಿದ್ರೆ ಟ್ಯಾಂಕಲ್ಲಿರೋ ಗಾಳಿ ಹೋಗುತ್ತಾ?"

ಸಂಗಮೇಶ್ ಗೋಡೆಯ ಸ್ವಿಚ್ಚಿನತ್ತ ತಿರುಗಿ ನೋಡಿದ.

"ಗಾಳಿ ಬಿಡೋಕೆ ಅಂತ ಈ ಕೆಂಪು ಹಿಡಿ ಇದೆ. ಹೊಸಬರಿಗೆಲ್ಲ ಇದನ್ನ ಹೇಳಿಕೊಡೋರು ನೀವೇ. ನೀವದನ್ನ ಮುಟ್ಟಲೇ ಇಲ್ಲ. ಮೇನ್ ಆಫ್ ಮಾಡಿ, ಆನ್ ಮಾಡಿ, ಅಕ್ಷರ ಇನ್ನೊಂದ್ಸಲ ಓದಿದ್ರಿ."

"ಏನೋ, ಅಭ್ಯಾಸ..."

"ನಿನ್ನೆ ಶೆಡ್ಡಲ್ಲಿದ್ದ ಪ್ರತಿಯೊಬ್ಬ ಆಪರೇಟರ್ ಹತ್ರಾನೂ ಇದೇ ಕೆಲಸ ಮಾಡಿಸ್ದೆ. ಕೆಲವರು ಕೆಂಪು ಹಿಡಿ ಎಳೆದ್ರು. ಉಳಿದವರು ಪರದೆ ನೋಡಿ ಸೀದಾ ಕೈ ಹಾಕಿದ್ರು, ಭಾಗ್ಯಶ್ರೀ ಹಾಕಿದ ಹಾಗೆ. ಪರದೆ ಸುಳ್ಳು ಹೇಳಬಹುದು ಅಂತ ಯಾರ ತಲೆಗೂ ಬರಲಿಲ್ಲ ಸಂಗಮೇಶ್. ಅದು ಬರೋದು ಒಂದ್ಸಲ ಸುಳ್ಳು ಹೇಳಿಸಿದವನಿಗೆ ಮಾತ್ರ."

ತಗಡಿನ ತುಂಡು ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದು ಅಡಗುವ ಮೊದಲೇ ಇನ್ನೊಂದು ಸದ್ದು. ಹನುಮವ್ವ ಚಿಕ್ಕ ಬಾಗಿಲಿಗೆ ಚಿಲಕ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಹೇಳು ತಮ್ಮಾ," ಎಂದಳು.

"ಯಕ್ಕಾ, ಇವರು ಏನೇನೋ..."

"ನನ್ ಮಗಳಿಗೆ ಮೊದಲ್ನೇ ದಿನ ಬಸ್ ಹತ್ತಿಸಿದಾಂವ ನೀನು. ಆಕಿ ಕೈಗೆ ಬಳಿ ಇದ್ರ ಯಂತ್ರಕ್ಕ ಸಿಗತೈತಿ, ತಗೀ ತಂಗಿ ಅಂದಾಂವ ನೀನು. ಹೇಳು."

ಅವನು ಪ್ರೆಸ್ಸಿನ ಅಂಚಿನ ಮೇಲೆ ಕೂತ. ಬೆಂಗಳೂರಿನ ಮಾತು ಅವನ ಬಾಯಿಂದ ಬಿಟ್ಟುಹೋಗಿತ್ತು.

"ಸಾಯ್ತಾಳ ಅಂತ ಗೊತ್ತಿರ್ಲಿಲ್ಲ ಯಕ್ಕಾ. ಸೆನ್ಸರ್ ವೈರ್ ಕಿತ್ತಿದ್ದು ಇನ್‌ಸ್ಪೆಕ್ಟರ್‌ಗೆ ಹೇಳಾಕಿದ್ಳು. ನನ್ ಕೆಲಸ ಹೋಗ್ತಿತ್ತು, ಜೈಲಾಗ್ತಿತ್ತು. ಬೆರಳಿಗೆ ಒಂದ್ ಏಟು ಬಿದ್ರ ಹೆದರಿ ಊರಿಗೆ ಹೊಕ್ಕಾಳ ಅನ್ಕೊಂಡೆ..."

"ಬೆರಳಿಗೆ," ಎಂದಳು ಹನುಮವ್ವ.

"ಹೂಂ ಯಕ್ಕಾ."

"ಯಾವ ಬೆರಳು, ತಮ್ಮಾ? ಆರಿಸಿದ್ದೇನು?"

ಅವನು ಮುಖ ಮುಚ್ಚಿಕೊಂಡ. ಹನುಮವ್ವನ ದನಿ ಏರಿರಲಿಲ್ಲ. ಅದು ಏರಿದ್ದರೆ ಚೆನ್ನಾಗಿತ್ತು.

"ಅಕ್ಷರ ಎಲ್ಲಿ ಕಲಿತ್ರಿ?" ಯಮುನಾ ಬೇಗ ಕೇಳಿದಳು. "ಈ ಚುಕ್ಕಿ ಇಟ್ಟು ಬರೆಯೋದು?"

"ನಾ ಬರದಿಲ್ರಿ ಮೇಡಂ."

"ಸಂಗಮೇಶ್..."

"ನಮ್ಮಪ್ಪನಾಣಿ ಬರದಿಲ್ರಿ! ಒಂದು ಫೈಲ್ ಬಂತು, ಗೊತ್ತಿಲ್ಲದ ನಂಬರಿಂದ. ನೀ ವೈರ್ ಕಿತ್ತಿದ್ದು ನಮಗ ಗೊತ್ತೈತಿ, ಆಕಿ ಬಾಯಿ ಬಿಟ್ರ ನೀ ಮುಗದಿ ಅಂತ ಬರದಿದ್ರು. ಮುಂಜಾನೆ ಕೇಬಲ್ ಚುಚ್ಚಿ ಇದನ್ನ ಹಾಕು, ಕೆಲಸ ಆದ ಮ್ಯಾಲ ಮೇನ್ ಇಳಿಸು, ಗುರುತು ಉಳಿಯಂಗಿಲ್ಲ ಅಂತ. ನಾ ಕೇಬಲ್ ಚುಚ್ಚಿದ್ದಷ್ಟಽ."

ಯಮುನಾ ಅವನ ಮುಂದೆ ಬಿಲ್ಲೆಗಳ ಡಬ್ಬ ಇಟ್ಟಳು. ಇನ್ನೊಂದು ಚೌಕದ ಮನೆ ಗೀಚಿದಳು. "ಇದರಲ್ಲಿ 'ಕಿ' ಬರೀರಿ."

ಅವನು ಬಿಲ್ಲೆ ಜೋಡಿಸಿದ. ಗುಡಿಸು ಪಕ್ಕಕ್ಕೆ ಹೋಯಿತು, ಅಕ್ಷರದ ಹೊಟ್ಟೆ ಕೂಡಲಿಲ್ಲ. ಅಳಿಸಿ ಮತ್ತೆ ಇಟ್ಟ. ಎರಡು ಸಲವೂ ಬಿಲ್ಲೆಗಳು ತಳದ ಸಾಲಿನವರೆಗೂ ಬಂದು ಕೂತವು. ಖಾಲಿ ಸಾಲಿನ ಗುಟ್ಟು ಅವನಿಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಚುಕ್ಕಿ ಇಟ್ಟ ಕೈ ಬೇರೆ. ಆ ಕೈ ಇನ್ನೂ ಹೊರಗಿದೆ.

"ಹನುಮವ್ವ, ಇವನು ತಪ್ಪು ಮಾಡಿದಾನೆ. ಇವನನ್ನ ಪೊಲೀಸಿಗೆ ಕೊಡ್ತೀನಿ. ಆದ್ರೆ ನಿಮ್ಮ ಮಗಳನ್ನ ಕೊಲ್ಲಬೇಕು ಅಂತ ಕೂತು ಬರೆದೋರು ಇನ್ನೊಬ್ರು. ಇವನಿಗೆ ಏನಾದ್ರೂ ಆದ್ರೆ ಅವರ ಹೆಸರು ಸಿಗೋದೇ ಇಲ್ಲ. ಕೇಳ್ತಿದೀರಾ?"

"ಕೇಳಾಕತ್ತೀನ್ರಿ."

ಹನುಮವ್ವ ಗೋಡೆಯ ಬಳಿ ನಡೆದಳು. ಮೊದಲು ಕಂಪ್ರೆಸರ್ ಸ್ವಿಚ್ ಒತ್ತಿದಳು. ಮೂಲೆಯ ಗಾಳಿ ಟ್ಯಾಂಕು ದಡದಡ ಸದ್ದು ಮಾಡುತ್ತ ತುಂಬಿಕೊಳ್ಳತೊಡಗಿತು.

"ಏನ್ ಮಾಡ್ತಿದೀರ?"

"ನನ್ ಕೂಸಿನ ಹೆಸ್ರು ನೋಡ್ತೀನ್ರಿ ಒಮ್ಮೆ. ಆಕಿನೂ ನೋಡ್ಲಿ."

ಆ ಹೆಸರಿನ ವಿಷಯ ಯಮುನಾಳಿಗೆ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಮಗಳು ಕೊನೆಯ ಉಸಿರು ಬಿಟ್ಟ ಜಾಗದಲ್ಲಿ ಅವಳ ಹೆಸರಾದರೂ ಇರಲಿ ಎಂದು ಹನುಮವ್ವ ಬೇಡಿದಾಗ, ಮಂಜುಶ್ರೀ ಕಳೆದ ವಾರ ಇಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತ ಬರೆದುಕೊಟ್ಟಿದ್ದಳಂತೆ. ಯಂತ್ರ ಹಾಕಿದಾಗ ಎಂಟು ಮನೆಗೆ ಮೊದಲು ಭಾಗ್ಯ ಬರುತ್ತಾಳೆ. ಎರಡು ಉಸಿರಿನಷ್ಟು ಹೊತ್ತು ಇದ್ದು, ಮನೆ ಬಿಟ್ಟುಕೊಟ್ಟು ಹೋಗುತ್ತಾಳೆ. ಆಮೇಲೆ ಎಚ್ಚರಿಕೆಯ ಅಕ್ಷರಗಳು.

ಹನುಮವ್ವ ಮೇನ್ ಇಳಿಸಿ ಏರಿಸಿದಳು.

ಹಸಿರು ಬೆಳಕಿನಲ್ಲಿ ಕಪ್ಪು ಚುಕ್ಕಿಗಳು ಕೂಡಿದವು. ಭಾಗ್ಯ.

ಯಮುನಾ ಈ ಸಲ ಪರದೆಯನ್ನೇ ನೋಡುತ್ತಿದ್ದಳು. ಮೊದಲು ಮನಸ್ಸು ತುಂಬಿ ಬಂತು. ಆಮೇಲೆ ಕಣ್ಣು ಕಿರಿದಾಯಿತು.

ಹೆಸರು ತೇಲುತ್ತಿತ್ತು. ತಳದಿಂದ ಒಂದು ಚುಕ್ಕಿ ಮೇಲೆ. 'ಗ್ಯ'ದ ಒತ್ತನ್ನು ಕೂಡ ಕಷ್ಟಪಟ್ಟು ಮೇಲಕ್ಕೆ ಮಡಚಿ, ಕೆಳಗಿನ ಸಾಲನ್ನು ಮುಟ್ಟದೆ ಬಿಟ್ಟಿತ್ತು.

ಅವಳು ಸೆಲ್ಫಿ ನೋಡಿ ನೆಲದ ಮೇಲೆ ನಕಲು ಮಾಡಿದ್ದ 'ಕಿ'ಯನ್ನು ನೋಡಿದಳು. ಮತ್ತೆ ಪರದೆಯನ್ನು. ಒಂದೇ ಕೈ. ಮಂಜುಶ್ರೀ ಅಳುತ್ತ ಬರೆಯುವಾಗ ಮೈಮರೆತು, ಹಳೆಯ ಅಭ್ಯಾಸ ತಾನಾಗಿ ಬೆರಳಿಗೆ ಬಂದಿತ್ತು. ಯಂತ್ರದ ಮೂಲ ಅಕ್ಷರಗಳನ್ನು ಅವಳ ಕಂಪನಿಯಲ್ಲಿ ಬೇರೆ ಯಾರೋ ಬರೆದಿರಬೇಕು. ತನ್ನವು ಎಂದು ಹೇಳಿಕೊಂಡದ್ದು ಯಮುನಾಳನ್ನು ದಾರಿ ತಪ್ಪಿಸಲು.

ಬೋರ್ಡಿಂದು ಎಲ್ಲಾ ಹೇಳಾಕಿ ನಾ.

ಗೋಡೆಯ ಬೋರ್ಡಲ್ಲ. ಆ ಹುಡುಗಿ ಹೇಳಹೊರಟದ್ದು ಪರದೆಯ ಹಿಂದಿನ ಬೋರ್ಡಿನ ದೋಷದ ಮಾತು. ಸಂಗಮೇಶ್ ಸುಮ್ಮನೆ ತನ್ನದೇ ಎಂದುಕೊಂಡು ಹೆದರಿದ್ದ. ನಿಜವಾಗಿ ಹೆದರಬೇಕಾದವಳು ಮಾರತ್ತಹಳ್ಳಿಯಲ್ಲಿದ್ದಳು.

ಪರದೆಯಿಂದ ಭಾಗ್ಯ ಹೋದಳು. ಟ್ಯಾಂಕು ತುಂಬಿತ್ತು. ಹೊಸ ಅಕ್ಷರಗಳು ಬಂದು ನಿಂತವು: ಕೈ ಬೇಡ.

ಹನುಮವ್ವ ಸಂಗಮೇಶನ ಮಣಿಕಟ್ಟು ಹಿಡಿದು ಅಚ್ಚಿನ ಬಾಯೊಳಗೆ ಒತ್ತಿದ್ದಳು. ಅವಳದು ಜೋಳದ ದಂಟು ಮುರಿದ ಕೈ. ಅವನು ಬಿಡಿಸಿಕೊಳ್ಳಲಿಲ್ಲ. "ಇದಽ ಕೈ ಯಕ್ಕಾ, ಇದಽ ಮಾಡಿದ್ದು," ಎಂದು ಬಿಕ್ಕುತ್ತಿದ್ದ. ಅವಳ ಬರಿಗಾಲು ಎಣ್ಣೆ ಹಚ್ಚಿದ ಪೆಡಲಿನ ಮೇಲಿತ್ತು.

"ಹನುಮವ್ವ! ಕಾಲು ತೆಗೀರಿ!"

"ನೀವು ನೋಡಿದ್ರಿ," ಎಂದಳು ಹನುಮವ್ವ ಅವಳ ಮುಖವನ್ನೇ ನೋಡುತ್ತ. "ಈಗ ಏನೋ ನೋಡಿದ್ರಿ ನೀವು. ನಿಮ್ಮ ಮಾರಿ ಹೇಳತೈತಿ. ಹೆಸ್ರು ಸಿಕ್ತು, ಹೌದಿಲ್ಲೋ?"

"ಮೊದ್ಲು ಕಾಲು ತೆಗೀರಿ."

"ಹೆಸ್ರು ಹೇಳ್ರಿ. ಇವನ್ನ ಬಿಡ್ತೀನಿ. ನನ್ ಮಗಳಾಣಿ ಬಿಡ್ತೀನಿ. ಹೆಸ್ರು ಕೊಡ್ರಿ."

ಹೆಸರು ಹೇಳಿದರೆ ಈ ಕೈ ಉಳಿಯುತ್ತದೆ. ಆದರೆ ಆ ಇನ್ನೊಬ್ಬಳು...

ಶಟರಿನ ಮೇಲೆ ಯಾರೋ ಮೃದುವಾಗಿ ತಟ್ಟಿದರು.

"ಅಮ್ಮಾ? ನಾನು ಕಣಮ್ಮಾ, ಮಂಜು. ಊಟ ತಂದಿದೀನಿ. ಯಾಕೆ ಒಳಗಿಂದ ಚಿಲಕ ಹಾಕ್ಕೊಂಡಿದೀರಾ?"

ಹನುಮವ್ವನ ಮುಖ ಒಮ್ಮೆಲೇ ಸಡಿಲವಾಯಿತು. ಈ ಊರಿನಲ್ಲಿ ಅವಳಿಗೆ ಉಳಿದಿದ್ದ ಒಂದೇ ಅಕ್ಕರೆಯ ದನಿ ಅದು. "ಬಂದೆ ನನ್ನವ್ವಾ, ತಡಿ," ಎಂದು ಕೂಗಿ, ಯಮುನಾಳ ಕಡೆ ಬಗ್ಗಿ ದನಿ ತಗ್ಗಿಸಿದಳು. ಕಾಲು ಪೆಡಲಿನ ಮೇಲೇ ಇತ್ತು.

"ಆಕಿ ಮುಂದ ಬ್ಯಾಡ್ರಿ ಅಕ್ಕಾರ. ಪಾಪ, ಅಂಜ್ತಾಳ. ಲಗೂನ ಹೇಳ್ರಿ. ಚುಕ್ಕಿ ಇಟ್ಟವರು ಯಾರು?"